ಪರದೆಯ ಆಚೆ ಬದಿ

ಮರೆವ್ವ ಇವತ್ತೂ ಹೋದಳು. ಇದು ಐದನೆಯ ಸಂಜೆ.

ದುರಗವ್ವ ರೊಟ್ಟಿ ಬಡಿಯುತ್ತಲೇ ಕಿವಿಗೊಟ್ಟಿದ್ದಳು. ಸೊಸೆ ಮುಖ ತೊಳೆದದ್ದು, ತಲೆ ಬಾಚಿದ್ದು, ಸದ್ದಾಗದಂತೆ ಕದ ಎಳೆದುಕೊಂಡದ್ದು, ಎಲ್ಲವೂ ಕೇಳಿಸಿತು. ಗಂಡ ಸತ್ತ ಮೂರು ವರ್ಷಗಳಲ್ಲಿ ಮರೆವ್ವ ಕನ್ನಡಿ ಹಿಡಿದವಳಲ್ಲ. ಈ ವಾರ ದಿನಾ ಹಿಡಿಯುತ್ತಿದ್ದಾಳೆ.

ಶಲವಡಿಯ ಹೊರಗೆ, ಜೋಳ ಕೊಯ್ದು ಬರಿದಾದ ಹೊಲದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು. ಅಲ್ಲಿ ಓಡುತ್ತಿದ್ದ ಸಿನಿಮಾ ಈ ಮನೆಯದೇ. ದಂಡಿಗೆ ಸೇರಿ, ಬಾಕ್ಸಿಂಗಿನಲ್ಲಿ ದೇಶದ ದೊಡ್ಡ ದೊಡ್ಡವರನ್ನೆಲ್ಲ ಕೆಡವಿದ ಹನಮಪ್ಪನ ಕಥೆ. ಹನಮಪ್ಪ ದುರಗವ್ವನ ಒಬ್ಬನೇ ಮಗ, ಮರೆವ್ವನ ಗಂಡ. ರಜೆಗೆ ಬರುತ್ತಿದ್ದಾಗ ಬಸ್ಸು ಮಗುಚಿ ಸತ್ತಿದ್ದ.

ಮೊದಲ ದಿನ ಅತ್ತೆ ಸೊಸೆ ಇಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಪರದೆಯ ಮೇಲಿನ ನಟನಿಗೆ ಅದೇ ಮೀಸೆ, ಅದೇ ನಡಿಗೆ. ಥೇಟ್ ಹನಮಪ್ಪನೇ ಎಂದು ಊರೆಲ್ಲ ಅತ್ತಿತು. ದುರಗವ್ವನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಹೆತ್ತವಳ ಎದೆ ಯಾಕೆ ಮಿಡುಕಲಿಲ್ಲವೆಂದು ಅವಳಿಗೇ ತಿಳಿಯಲಿಲ್ಲ. ಮರೆವ್ವ ನಡುವೆಯೇ ಎದ್ದು ಹೊರಗೆ ಹೋದವಳು ಮತ್ತೆ ಕುರ್ಚಿಗೆ ಬರಲಿಲ್ಲ.

ಸಿನಿಮಾ ತೆಗೆಯುವ ಮುಂಚೆ ಆ ಜನ ಮೂರು ದಿನ ಇದೇ ಪಡಸಾಲೆಯಲ್ಲಿ ಕೂತು ಕೇಳಿ ಬರೆದುಕೊಂಡಿದ್ದರು. ದಂಡಿನವರು ಕೊಟ್ಟದ್ದು ಗೆದ್ದ ತಾರೀಖುಗಳನ್ನಷ್ಟೇ. ಉಳಿದದ್ದೆಲ್ಲ ದುರಗವ್ವನ ಬಾಯಿಂದಲೇ ಹೋಗಬೇಕಿತ್ತು. ಅವಳು ಎಲ್ಲ ಹೇಳಿದಳು. ಮನೆತನಕ್ಕೆ ಕುಂದೆನಿಸಿದ ಒಂದನ್ನು ಬಿಟ್ಟಳು. ಸಣ್ಣವನಿದ್ದಾಗ ಅವನ ಕೈ ಕಟ್ಟಿಹಾಕುತ್ತಿದ್ದೆ ಎಂದು ಬಾಯಿ ತಪ್ಪಿ ಅಂದಾಗ, ಜಗಳಗಂಟನಾಗಿದ್ದನೇ ಎಂದು ಅವರು ನಕ್ಕು ಕೇಳಿದರು. ಹೌದು ಎಂದುಬಿಟ್ಟಳು.

ನಿನ್ನೆ ರಜಿಯಾಬಿ ಬಂದಿದ್ದಳು. ಬಾಜು ಮನೆಯವಳು, ಡೇರೆಯ ಬಾಗಿಲಲ್ಲಿ ಮಿರ್ಚಿ ಕರಿದು ಮಾರುತ್ತಾಳೆ.

"ದುರಗಕ್ಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಸೊಸಿ ಪರದೆ ಹಿಂದ ಹೋಗಿ ಕುಂದರ್ತಾಳ. ಒಬ್ಬಾಕಿನ, ಕತ್ತಲಾಗ."

"ಕುಂದರ್ಲಿ ಬಿಡು."

"ಅಲ್ಲಿ ಎಲ್ಲಾ ತಿರುವುಮುರುವು ಕಾಣ್ತೈತಿ, ಅಕ್ಷರ ಸೈತ. ಪುಕ್ಕಟೆ ಖುರ್ಚಿ ಬಿಟ್ಟು ಅಲ್ಲಿ ಕುಂತು ಯಾರರ ಸಿನಿಮಾ ನೋಡ್ತಾರೇನ?"

"ನಿನ್ನ ಮಿರ್ಚಿ ಆರ್ತಾವ, ಹೋಗು."

"ಮಿರ್ಚಿ ಆರಿದ್ರ ಮತ್ತ ಕರೀತೀನಿ. ಮರ್ಯಾದಿ ಆರಿದ್ರ ನೀ ಏನ್ ಮಾಡ್ತಿ? ನಾಳಿ ಆಟ ಮುಗದ ಮ್ಯಾಲೆ ಊರ ಹಿರೇರು ಬಂದು ಕೇಳ್ತಾರಂತ."

ರಾತ್ರಿ ಊಟದ ಹೊತ್ತಿಗೆ ದುರಗವ್ವ ಕೇಳಿಯೇ ಬಿಟ್ಟಳು.

"ಯಾರನ್ನ ನೋಡಾಕ ಹೋಗ್ತಿ ನೀ?"

"ಅವರನ್ನ."

"ಅವನ್ನ ನೋಡಾಕ ಮುಂದ ಖುರ್ಚಿ ಐತೆಲ್ಲ."

ಮರೆವ್ವ ತಾಟು ತೊಳೆಯುತ್ತಿದ್ದಳು. "ಮುಂದ ಅವರಿಲ್ರಿ, ಅತ್ತಿ" ಅಂದಳು.

ಮುಂದೆ ಕೇಳಲು ದುರಗವ್ವನಿಗೆ ಧೈರ್ಯವಾಗಲಿಲ್ಲ. ಕೇಳಿದರೆ ಸೊಸೆ ಯಾವ ಗಂಡಸಿನದೋ ಹೆಸರು ಹೇಳಿಬಿಟ್ಟಾಳು.

ಹಿರಿಯರು ಬಂದರೆ ಮಾತು ಒಂದೇ. ಮರೆವ್ವನನ್ನು ಯರಗುಪ್ಪಿಗೆ, ತವರಿಗೆ ಅಟ್ಟುತ್ತಾರೆ. ಆಮೇಲೆ ಈ ಮನೆಯಲ್ಲಿ ಅತ್ತಿ ಎನ್ನುವ ದನಿಯೇ ಇರುವುದಿಲ್ಲ. ಇಬ್ಬರೂ ದಿನಕ್ಕೆ ಹತ್ತು ಮಾತಾಡುವವರಲ್ಲ. ಆದರೂ ಆಚೆ ಕೋಣೆಯಲ್ಲಿ ಒಂದು ಜೀವ ಮಗ್ಗುಲಾಗುವ ಸದ್ದು ಕೇಳಿದ ಮೇಲೆಯೇ ದುರಗವ್ವನಿಗೆ ನಿದ್ದೆ.

ಅವರಿಗಿಂತ ಮುಂಚೆ ತಾನೇ ಹೋಗಬೇಕು. ಆ ಗಂಡಸಿನ ಕಾಲು ಮುರಿಯಬೇಕು. ಸೊಸೆಯನ್ನು ಸುಮ್ಮನೆ ಮನೆಗೆ ಕರೆತರಬೇಕು. ರೊಟ್ಟಿ ಅರ್ಧಕ್ಕೇ ಬಿಟ್ಟು ಅವಳು ಕೋಲು ಹಿಡಿದಳು.

ಡೇರೆಯ ಗೇಟು ಕಾಯುವ ಅಬ್ದುಲಗನಿ ಅವಳನ್ನು ಕಂಡು ಎದ್ದು ನಿಂತ.

"ಬರ್ರಿ ಯವ್ವಾ, ಖುರ್ಚಿ ತರಸ್ತೀನಿ."

"ಖುರ್ಚಿ ಬ್ಯಾಡ. ಹಿಂದ ಯಾರ್ಯಾರ ಅದಾರ?"

ಅವನು ಮುಖ ಕೆಳಗೆ ಹಾಕಿದ. "ನಾ ನೋಡಿಲ್ರಿ. ಆ ಕಡೆ ಯಾರನ್ನೂ ಬಿಡಬ್ಯಾಡ ಅಂದಾರ್ರಿ ಮರೆವ್ವಕ್ಕಾರು."

ದುರಗವ್ವ ಕೋಲು ಊರಿ ಹೊರಟಳು. ಕಾಲಿಗೆ ಜೋಳದ ಕೂಳೆ ಚುಚ್ಚುತ್ತಿದ್ದರೂ ನಿಲ್ಲದೆ ಡೇರೆಯನ್ನು ಸುತ್ತಿದಳು.

ಮರೆವ್ವ ಪರದೆಯ ಹಿಂದೆ ಗೋಣಿತಟ್ಟಿನ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಸುತ್ತ ಯಾರೂ ಇರಲಿಲ್ಲ. ಇನ್ನೂ ಬಂದಿಲ್ಲ, ಅಂದುಕೊಂಡಳು ದುರಗವ್ವ.

ಸೊಸೆ ತಿರುಗಿ ನೋಡಿದಳು. ಬೆಚ್ಚಲಿಲ್ಲ. ಸರಿದು ಜಾಗ ಮಾಡಿದಳು.

"ಬಂದ್ರಿ? ಕುಂದರ್ರಿ, ಅತ್ತಿ."

"ಎಲ್ಲಿ ಅದಾನ ಅಂವಾ?"

"ಈಗ ಬರ್ತಾರ್ರಿ."

ದುರಗವ್ವನ ಕೋಲು ಮೇಲೆದ್ದಿತು. ಹೊಡೆಯಲಾಗಲಿಲ್ಲ. ಮದುವೆಯ ಹೊಸತರಲ್ಲಿ, ರಜೆಗೆ ಬರುತ್ತೇನೆಂಬ ಕಾಗದ ಬಂದ ದಿನ ಈ ಹುಡುಗಿಯ ಮುಖ ಹೀಗೇ ಅರಳಿರುತ್ತಿತ್ತು. ಆಮೇಲೆ ಹೀಗೆ ಕಂಡದ್ದು ಇವತ್ತೇ.

ಅವಳೂ ಕೂತಳು. ಪರದೆಗೆ ಬೆನ್ನು ಹಾಕಿ, ಹೊಲದ ಕತ್ತಲೆಗೆ ಕಣ್ಣು ನೆಟ್ಟು ಕಾದಳು. ಕಾಲುದಾರಿಯಲ್ಲಿ ಯಾರೂ ಬರಲಿಲ್ಲ. ಡೇರೆಯೊಳಗೆ ಗಂಟೆ ಬಾರಿಸಿತು. ಕಡೆಯ ಪಂದ್ಯ. ಜನ ಸಿಳ್ಳೆ ಹಾಕಿದರು.

ಮರೆವ್ವ ಅವಳ ಗದ್ದ ಹಿಡಿದು, ಮೆಲ್ಲಗೆ ಪರದೆಯ ಕಡೆಗೆ ತಿರುಗಿಸಿದಳು.

ಅಲ್ಲಿ ಹನಮಪ್ಪ ಹೊಡೆಯುತ್ತಿದ್ದ: ಉಣ್ಣಲು ಕೂತಾಗಲೆಲ್ಲ ತಾಯಿ ನಾಚಿ ಕಟ್ಟಿಹಾಕುತ್ತಿದ್ದ, ಸಿನಿಮಾದವರಿಗೂ ಹೇಳದೆ ಮುಚ್ಚಿಟ್ಟಿದ್ದ, ಆ ಎಡಗೈಯಿಂದ.