ಇನ್ನೊಂದು ಇಂಟು ಮಾರ್ಕು

ಆಫೀಸಿನಲ್ಲಿ ಶೇಷಗಿರಿಯದು ಮಹಾ ಮಡಿ. ಒಂದೇ ಕಂಪನಿಯ ಸ್ವತ್ತಾದ ವಿಂಡೋಸನ್ನು ಮುಟ್ಟುವವನಲ್ಲ, ಕಂಪ್ಯೂಟರ್ ನಡೆಸಲು ಏನಿದ್ದರೂ ಎಲ್ಲರಿಗೂ ಸೇರಿದ ಲಿನಕ್ಸ್. ಅವನ ಉಪದೇಶ ಕೇಳಿ ಪಕ್ಕದ ಸೀಟಿನ ವಾರಿಜ ತನ್ನ ಲ್ಯಾಪ್‌ಟಾಪಿನಿಂದ ವಿಂಡೋಸನ್ನು ಬೆಳಿಗ್ಗೆಯಷ್ಟೇ ಪೂರ್ತಿ ಅಳಿಸಿದ್ದಳು. ಮಧ್ಯಾಹ್ನ ನೋಡಿದರೆ ಅವನ ಪರದೆಯ ಮೇಲೇ ವಿಂಡೋಸ್!

“ಇದೇನ್ರೀ ಇದು?”

“ಕ್ಲೈಂಟ್‌ಗೋಸ್ಕರ ಟೆಸ್ಟ್ ಮಾಡ್ಲೇಬೇಕಲ್ಲ? ಅದಕ್ಕೇ ಲಿನಕ್ಸ್ ಒಳಗೆ ವರ್ಚುವಲ್ ಮಷೀನ್ ಅಂತ ಒಂದು ಹುಸಿ ಕಂಪ್ಯೂಟರ್ ಮಾಡಿ, ಇದನ್ನ ಪಂಜರದಲ್ಲಿ ಕೂಡಿಹಾಕಿದ್ದೀನಿ. ಬೇಡ ಅಂದ್ರೆ ಒಂದೇ ಕ್ಲಿಕ್ಕು, ನೋಡಿ.”

ಮೂಲೆಯ ಇಂಟು ಮಾರ್ಕನ್ನು ಠೀವಿಯಿಂದ ಒತ್ತಿದ. ವಿಂಡೋಸ್ ಮಾಯವಾಗಿ ಲಿನಕ್ಸ್ ಬಂತು.

“ಮೇಲ್ಗಡೆ ಇನ್ನೊಂದು ಇಂಟು ಮಾರ್ಕ್ ಇದೆಯಲ್ಲ, ಅದೇನು?”

“ಅಯ್ಯೋ, ಅದನ್ನ ಒತ್ಬೇಡಿ!”

ವಾರಿಜ ಒತ್ತಿಯಾಗಿತ್ತು. ಲಿನಕ್ಸಿನ ಪಂಜರವೂ ಮುಚ್ಚಿಕೊಂಡು, ಅದರ ಹಿಂದಿನಿಂದ ಶೇಷಗಿರಿಯ ಮದುವೆ ಫೋಟೊ ಹೊತ್ತ ವಿಂಡೋಸ್ ಪ್ರತ್ಯಕ್ಷವಾಯಿತು.