ತಡೆಯ ದಾಳ

"ಮತ್ತೆ ತಪ್ಪಿಸ್ಕೊಂಡ್ರಾ ಅಳಿಯಂದಿರು?" ಮೇಷ್ಟ್ರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಹೆಬ್ಬೆರಳುದ್ದದ ಗೊಂಬೆ ಯೋಧರು ಮಗುಚಿಬಿದ್ದರು. "ಹನ್ನೊಂದು ಭಾನುವಾರ ಆಯ್ತು. ಆ ರಾಕ್ಷಸ ಇವರೊಬ್ಬರನ್ನ ಮಾತ್ರ ಮುಟ್ಟಲ್ಲ. ಏನಮ್ಮಾ, ರಟ್ಟಿನ ಹಿಂದೆ ಏನು ಅಡುಗೆ ಮಾಡ್ತಿದ್ದೀಯ?"

ತನ್ನ ದಾಳ ಯಾರಿಗೂ ಕಾಣದಂತೆ ಅಡ್ಡಗಟ್ಟಿದ ರಟ್ಟಿನ ಹಿಂದೆ ಮಗಳು ಕೂತಿದ್ದಳು. ಆಟ ನಡೆಸುವವಳು ಅವಳೇ. ಗುಹೆಯೂ ಅವಳದೇ, ರಾಕ್ಷಸನೂ ಅವಳದೇ. ನಿಯಮ ಸರಳ. ರಾಕ್ಷಸ ಹೊಡೆದರೆ ಅವಳು ಇಪ್ಪತ್ತು ಮುಖದ ದಾಳ ಉರುಳಿಸಬೇಕು, ಹೊಡೆತ ತಡೆಯುವವರು ತಮ್ಮದನ್ನು. ಹೆಚ್ಚು ಬಿದ್ದವರದು ಮೇಲುಗೈ.

ಮೇಷ್ಟ್ರು ನಲವತ್ತು ವರ್ಷ ಗಣಿತ ಕಲಿಸಿದವರು. ಪ್ರಪಂಚದಲ್ಲಿ ಮುಕ್ಕಾಲು ಪಾಲು ಜನ ದಡ್ಡರು, ಉಳಿದವರು ಕಳ್ಳರು ಎಂಬುದು ಅವರು ಕಂಡುಕೊಂಡ ಪ್ರಮೇಯ. ಪತ್ರಿಕೆಯಲ್ಲೂ ಈಚೆಗೆ ತಲೆಬರಹ ಮಾತ್ರ ಓದುತ್ತಿದ್ದರು, ಕೆಳಗಿನದೆಲ್ಲ ಕಸವಂತೆ. ಬಗ್ಗಿ ಬಗ್ಗಿ ತಮ್ಮ ದಾಳದ ಇರುವೆಯಂಥ ಅಂಕಿ ಓದುವುದು ಗುಮಾಸ್ತರ ಕೆಲಸ. ಅದನ್ನು ಪಕ್ಕದಲ್ಲಿ ಕೂರುವ ಅಳಿಯನಿಗೆ ಬಿಟ್ಟಿದ್ದರು. "ಹದಿನೇಳು, ಮಾವ!" ಎಂದು ಅವನು ಕೂಗಿದಾಗಲೆಲ್ಲ ಆ ಹಲ್ಲುಗಿಂಜುವಿಕೆಗೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಯಾರ ಯೋಧ ಸತ್ತನೋ ಅವರು ಎದ್ದುಹೋಗಬೇಕು, ಮತ್ತೆ ಆಟಕ್ಕೆ ಬರಬಾರದು. ಈ ಕಾನೂನು ಮೇಷ್ಟ್ರದೇ. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅವರ ಮುದಿ ಯೋಧನಿಗೆ ಇನ್ನೊಂದು ಪೆಟ್ಟು ಬಿದ್ದರೆ ಕಥೆ ಮುಗಿಯಿತು. ಆದರೂ ಅವನು ತಿಂಗಳುಗಟ್ಟಲೆ ಅಲ್ಲಾಡಿರಲಿಲ್ಲ. ಅದು ಅನುಭವ. ಅಳಿಯನದು ಮೋಸ.

ಹೆಂಡತಿ ಹೋದಮೇಲೆ ವಾರದ ಮಿಕ್ಕ ಆರು ದಿನ ಅವರ ಮಾತು ಕೇಳಿಸಿಕೊಳ್ಳಲು ಗೋಡೆ ಗಡಿಯಾರವೊಂದೇ ಇತ್ತು. ಇದನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

"ರಟ್ಟು ತಾನೇ? ತಗೊಳ್ಳಿ." ಮಗಳು ಅದನ್ನು ಮಡಚಿಟ್ಟಳು. ಇಷ್ಟು ಸಲೀಸಾಗಿ ಒಪ್ಪಿದ್ದೇ ಮೇಷ್ಟ್ರಿಗೆ ಹೊಸ ಅನುಮಾನ.

"ಸಾಲದು. ಎಲ್ಲಾ ದಾಳಾನೂ ಹೊರಗಿನವರು ಓದ್ಲಿ. ಕೆಳಗಡೆ ಅಂಗಡೀಲಿ ದರ್ಜಿ ಇದ್ದಾನಲ್ಲ, ಕರಿ ಅವನನ್ನ."

ಮಗಳ ಕೈ ಅಲ್ಲೇ ನಿಂತಿತು. "ಎಲ್ಲಾನಾ? ನಿಮ್ದೂನಾ? ಬೇಡಪ್ಪಾ."

"ಬಿಟ್ಬಿಡಿ ಮಾವ," ಎಂದ ಅಳಿಯ, "ಮೋಸ ಮಾಡಿದ್ದು ನಾನೇ ಅಂತ ಒಪ್ಕೋತೀನಿ."

"ಹಾಗೆ ಬನ್ನಿ ದಾರಿಗೆ! ಆದ್ರೂ ಸಾಕ್ಷಿ ಬೇಕು. ನನ್ನ ಕಣ್ಣಿಗೆ ಮಣ್ಣೆರಚೋರು ಇನ್ನೂ ಹುಟ್ಟಿಲ್ಲ."

ದರ್ಜಿ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಮೇಲೆ ಬಂದ. ಆಟದ ತಲೆಬುಡ ಅವನಿಗೆ ತಿಳಿಯದು. ಅಂಕಿ ತಿಳಿದರೆ ಸಾಕಿತ್ತು. ರಾಕ್ಷಸ ಅಳಿಯನ ಮೇಲೆ ಎರಗಿದ. ಮಗಳ ದಾಳ ನೋಡಿ ದರ್ಜಿ "ಐದು" ಎಂದ. ಅಳಿಯನದು ಹದಿಮೂರು. ತಪ್ಪಿಸಿಕೊಂಡ, ಹಾಡಹಗಲೇ, ಸಾಕ್ಷಿ ಸಮೇತ.

"ಕುರುಡು ಅದೃಷ್ಟ," ಎಂದು ಮೂಗು ಮುರಿದರು ಮೇಷ್ಟ್ರು.

ರಾಕ್ಷಸ ಮುದಿ ಯೋಧನತ್ತ ತಿರುಗಿದ. ಮಗಳು ದಾಳವನ್ನು ಬಹಳ ಹೊತ್ತು ಅಂಗೈಯಲ್ಲೇ ಆಡಿಸಿ, ಕೊನೆಗೆ ಬಿಟ್ಟಳು.

"ಒಂಬತ್ತು," ಎಂದ ದರ್ಜಿ.

ಒಂಬತ್ತಂತೆ! ಮೇಷ್ಟ್ರು ತಮ್ಮ ದಾಳವನ್ನು ತಾತ್ಸಾರದಿಂದ ಎಸೆದರು. ಅದು ಉರುಳಿ ಬಂದು ಅವರ ಮುಂಗೈ ಪಕ್ಕದಲ್ಲೇ ನಿಂತಿತು.

"ಹದಿನೆಂಟು, ಮಾವ!" ಅಳಿಯ ಕೂಗಿಬಿಟ್ಟ, ಅಭ್ಯಾಸಬಲ.

"ನೋಡ್ಕೊಳ್ಳಿ! ಇದಪ್ಪಾ ಆಟ ಅಂದ್ರೆ!" ಮೇಷ್ಟ್ರು ದಾಳವನ್ನೇ ದಿಟ್ಟಿಸಿ ಎದೆಯುಬ್ಬಿಸಿದರು.

ದರ್ಜಿ ಬಗ್ಗಿದ. ಇನ್ನೊಮ್ಮೆ ಬಗ್ಗಿದ.

"ಎಲ್ಲಿ ಬಂತು ಮೇಷ್ಟ್ರೇ ಹದಿನೆಂಟು? ನಿಮ್ಮ ಕಣ್ಣೆದುರಿಗೇ ಇದೆಯಲ್ಲ, ಎರಡು."