ಸೊಸೆಯ ಕಾಲ್ಗೆಜ್ಜೆ

ಮದುವೆಯಾಗಿ ಬಂದ ದಿನವೇ ಕಣ್ಣು ಕಾಣದ ಅತ್ತೆ, ಕಿರಿಸೊಸೆಯ ಕಾಲಿಗೆ ತಾನೇ ಗೆಜ್ಜೆ ತೊಡಿಸಿದ್ದಳು. ಗಂಡ ತನ್ನ ಅಣ್ಣನ ಜೊತೆ ಗೋವಾಕ್ಕೆ ದುಡಿಯಲು ಹೋದ ಮೇಲೆ ಆ ಗೆಜ್ಜೆಯೇ ಅವಳಿಗೆ ಬೇಡಿಯಾಯಿತು. ಅವಳು ಹಿತ್ತಿಲಿಗೆ ಹೋದರೆ ಅತ್ತೆ ಗೋಡೆ ತಡವುತ್ತ ಹಿತ್ತಿಲಿಗೆ ಬರುತ್ತಿದ್ದಳು. ಕೊಟ್ಟಿಗೆಗೆ ಹೋದರೆ ಕೋಲೂರುತ್ತ ಅಲ್ಲಿಗೂ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ಮನೆಯ ಹಿರಿಸೊಸೆ ಹೋದ ವರ್ಷ ಬಾವಿಗೆ ಬಿದ್ದು ಸತ್ತಿದ್ದಳು. ನೀರು ಸೇದುವಾಗ ಕಾಲು ಜಾರಿತೆಂದು ಮಾವನೇ ಊರಿಗೆಲ್ಲ ಹೇಳಿದ್ದ. ಊರ ಹಿರಿಯನ ಮಾತು, ಎಲ್ಲರೂ ನಂಬಿದ್ದರು.

ಒಂದು ಮಧ್ಯಾಹ್ನ ಕಿರಿಸೊಸೆ ಗೆಜ್ಜೆ ಬಿಚ್ಚಿ ಅತ್ತೆಯ ಮುಂದೆ ಎಸೆದಳು.

“ನನ್ನ ಮ್ಯಾಲೆ ಇಷ್ಟ್ಯಾಕ ಸಂಶಯ, ಅತ್ತಿ? ನಿನ್ನೆ ಮಾವನೋರು ಪಾಪ, ಮೇವಿನ ಬುಟ್ಟಿ ಎತ್ತಿಕೊಡಾಕ ಬಂದಿದ್ರು. ಅಲ್ಲಿಗೂ ಬಂದು ನಿಂತ್ರಿ. ನಾ ಅಂಥಾಕಿ ಅಲ್ರಿ.”

ಅತ್ತೆ ನೆಲ ತಡವಿ ಗೆಜ್ಜೆ ಹುಡುಕಿದಳು.

“ನೀ ಅಂಥಾಕಿ ಅಲ್ಲ ಅನ್ನೂದು ನನಗ ಗೊತ್ತೈತಿ. ಕಾಲು ಕೊಡು.”

“ಮತ್ಯಾಕ ನನ್ನ ಬೆನ್ನು ಹತ್ತೀರಿ?”

ಅತ್ತೆ ಸೊಸೆಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳಿನಿಂದ ತಡವಿ ಕೊಂಡಿ ಹಾಕಿದಳು.

“ಹಿರೀಕಿ ಕಾಲಾಗ ಗೆಜ್ಜಿ ಇರಲಿಲ್ಲವ್ವ. ನಿಮ್ಮ ಮಾವ ಎತ್ತಾಗ ಹೊಂಟಾನ ಅನ್ನೂದು ಚಪ್ಪಲಿ ಸಪ್ಪಳದಾಗ ನನಗ ತಿಳೀತಿತ್ತು. ಆಕಿ ಎಲ್ಲಿ ಅದಾಳ ಅನ್ನೂದು ತಿಳೀಲಿಲ್ಲ.”